ನೀರಿಂಗುವ ನೆಲಹಾಸು

ಮೇಲೆ ಬಿದ್ದ ಮಳೆನೀರನ್ನು ಹರಿದುಹೋಗಲು ಬಿಡದೆ, ತನ್ನ ಮೈಯ ರಂಧ್ರಗಳಿಂದಲೋ ಸಂದುಗಳಿಂದಲೋ ಕೆಳಕ್ಕಿಳಿಸಿ, ಅಡಿಯ ಜಲ್ಲಿಪದರದಲ್ಲಿ ಕೆಲಕಾಲ ತಂಗಿಸಿ, ನಿಧಾನವಾಗಿ ಮಣ್ಣಿಗೆ ಬಿಡುವ ಹಾಸಿಗೆ ನೀರಿಂಗುವ ನೆಲಹಾಸು ಎಂದು ಹೆಸರು. ಕಾಲುದಾರಿ, ಅಂಗಳ, ವಾಹನ ನಿಲುಗಡೆ, ಬಡಾವಣೆಯ ಒಳರಸ್ತೆಗಳಲ್ಲಿ ಇದರ ಬಳಕೆ ಹೆಚ್ಚು. ಡಾಂಬರು ಅಥವಾ ಸಿಮೆಂಟಿನ ಮಾಮೂಲಿ ನೆಲದ ಮೇಲೆ ಬಿದ್ದ ನೀರು ಹೆಚ್ಚುಕಡಿಮೆ ಪೂರ್ತಿಯಾಗಿ ಚರಂಡಿ ಸೇರುತ್ತದೆ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆಯಾದರೆ ಅದು ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ ಮೂವತ್ತು-ನಲವತ್ತರ ಒಂದು ನಿವೇಶನ, ಅಂದರೆ ಸುಮಾರು 111 ಚದರ ಮೀಟರ್, 50 ಮಿ.ಮೀ. ಮಳೆಗೆ 5,500 ಲೀಟರ್ ನೀರನ್ನು ಬೀದಿಗೆ ತಳ್ಳುತ್ತದೆ. ಒಂದೇ ಬೀದಿಯ ನಲವತ್ತು ಮನೆಗಳು ಅದೇ ಅರ್ಧ ಗಂಟೆಯಲ್ಲಿ ಹೀಗೆ ಮಾಡಿದಾಗ ಚರಂಡಿ ಉಕ್ಕದೆ ಗತಿಯಿಲ್ಲ.

ಕಣ್ಣಿಗೆ ಕಾಣುವುದು ಮೇಲ್ಮೈಯಾದರೂ ಈ ವ್ಯವಸ್ಥೆಯ ಜೀವ ಇರುವುದು ಕೆಳಗಿನ ಜಲ್ಲಿಯಲ್ಲಿ. ಪುಡಿ ಮತ್ತು ಸಣ್ಣಕಲ್ಲುಗಳನ್ನು ಜರಡಿ ಹಿಡಿದು ತೆಗೆದ, ಹೆಚ್ಚುಕಡಿಮೆ ಒಂದೇ ಗಾತ್ರದ ಒಡೆದ ಜಲ್ಲಿಯನ್ನು ಹರಡಿದರೆ ಕಲ್ಲುಕಲ್ಲಿನ ನಡುವೆ ಸುಮಾರು ಶೇ 40ರಷ್ಟು ಜಾಗ ಖಾಲಿ ಉಳಿಯುತ್ತದೆ. 300 ಮಿ.ಮೀ. ದಪ್ಪದ ಜಲ್ಲಿಪದರದಲ್ಲಿ 120 ಮಿ.ಮೀ. ಎತ್ತರದ ನೀರು ನಿಲ್ಲುವುದು ಹೀಗೆ. ನೆಲದಡಿಯಲ್ಲಿ ಹುದುಗಿಸಿಟ್ಟ ಸಣ್ಣ ಕೆರೆ ಎಂದೇ ಇದನ್ನು ತಿಳಿಯಬಹುದು. ಮಣ್ಣು ಕುಡಿಯದೆ ಉಳಿಸಿದ ನೀರನ್ನು ಹೊರಬಿಡುವ ತಳದ ತೂತುಕೊಳವೆ ಇದರ ತೂಬು. ಪದರ ತುಂಬಿದಾಗ ಹೆಚ್ಚುವರಿಯನ್ನು ಮಳೆಚರಂಡಿಗೆ ದಾಟಿಸುವ ಬಾಯಿ ಇದರ ಕೋಡಿ. ಕೆರೆಗೆ ಬರುವ ರೋಗವೂ ಇದಕ್ಕೆ ತಪ್ಪಿದ್ದಲ್ಲ. ಅದು ಹೂಳು.

ಮೇಲ್ಮೈಯಲ್ಲಿ ನಾಲ್ಕು ಬಗೆ ಮುಖ್ಯ. ರಂಧ್ರ ಕಾಂಕ್ರೀಟಿಗೆ ಮರಳನ್ನು ಸೇರಿಸುವುದೇ ಇಲ್ಲ, ಸೇರಿಸಿದರೂ ತೀರ ಕಡಿಮೆ. ಸಿಮೆಂಟಿನ ಲೇಪ ಜಲ್ಲಿಯ ಒಂದೊಂದು ಹರಳನ್ನೂ ತೆಳುವಾಗಿ ಸುತ್ತಿ ಪಕ್ಕದ ಹರಳಿಗೆ ಅಂಟಿಸುತ್ತದೆ, ನಡುವಿನ ಜಾಗ ಹಾಗೇ ಉಳಿಯುತ್ತದೆ. ಗಾತ್ರದಲ್ಲಿ ಶೇ 15ರಿಂದ 25ರಷ್ಟು ರಂಧ್ರಗಳಿರುವ ಇಂಥ ಕಾಂಕ್ರೀಟು ಹೊಸದಾಗಿದ್ದಾಗ ಒಂದು ಚದರ ಮೀಟರಿನಲ್ಲಿ ನಿಮಿಷಕ್ಕೆ ಸುಮಾರು 200 ಲೀಟರ್ ನೀರನ್ನು ಇಳಿಸಬಲ್ಲದು. ಅದು ಗಂಟೆಗೆ 12,000 ಮಿ.ಮೀ. ಮಳೆಗೆ ಸಮ, ಭೂಮಿಯ ಮೇಲೆ ಅಂಥ ಮಳೆಯೇ ಇಲ್ಲ. ರಂಧ್ರ ಹೆಚ್ಚಿದಂತೆ ಗಟ್ಟಿತನ ಇಳಿಯುತ್ತದೆ. ಇದರ ಒತ್ತುಬಲ 3.5ರಿಂದ 28 ಮೆಗಾಪಾಸ್ಕಲ್‌ವರೆಗೆ ಇರುತ್ತದೆ, ಸಾಮಾನ್ಯವಾಗಿ 17ರ ಆಸುಪಾಸು. ಲಾರಿ, ಬಸ್ಸು ಓಡುವ ಹೆದ್ದಾರಿಗೆ ಇದು ಸಲ್ಲದು. ಎರಡನೆಯದು ರಂಧ್ರ ಡಾಂಬರು. ಇದರಲ್ಲೂ ಸಣ್ಣಪುಡಿಯನ್ನು ಬಿಟ್ಟು, ಬಿಸಿಲಿಗೆ ಕರಗಿ ಕೆಳಗಿಳಿಯದಂತೆ ಪಾಲಿಮರ್ ಬೆರೆಸಿದ ಡಾಂಬರನ್ನು ಬಳಸುತ್ತಾರೆ. ನೆದರ್‌ಲೆಂಡ್ಸ್‌ನ ಹೆದ್ದಾರಿಗಳ ಮೇಲೆ ಹಾಸಿರುವ ರಂಧ್ರ ಡಾಂಬರಿಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ರಂಧ್ರವಿರುವುದು ಮೇಲಿನ ತೆಳುಪದರಕ್ಕೆ ಮಾತ್ರ. ಅದರಡಿ ನೀರಿಳಿಯದ ಗಟ್ಟಿ ರಸ್ತೆಯಿರುವುದರಿಂದ ನೀರು ಪಕ್ಕಕ್ಕೆ ಸರಿದು ರಸ್ತೆಯಂಚು ಸೇರುತ್ತದೆ. ಚಕ್ರದ ಸದ್ದು, ನೀರಿನ ಎರಚಾಟ ಕಡಿಮೆಯಾಗುತ್ತದೆಯೇ ಹೊರತು ಅಂತರ್ಜಲಕ್ಕೆ ಲಾಭವಿಲ್ಲ.

ಮೂರನೆಯದು ಸಂದುಬಿಟ್ಟು ಜೋಡಿಸುವ ಕಾಂಕ್ರೀಟ್ ಬಿಲ್ಲೆಗಳು. ಇಲ್ಲಿ ನೀರು ಬಿಲ್ಲೆಯ ಮೂಲಕ ಇಳಿಯುವುದಿಲ್ಲ, ಬಿಲ್ಲೆಗಳ ನಡುವಿನ 6ರಿಂದ 12 ಮಿ.ಮೀ. ಅಗಲದ ಸಂದುಗಳಲ್ಲಿ ಇಳಿಯುತ್ತದೆ. ಆ ಸಂದುಗಳಿಗೆ ತುಂಬುವುದು ಮರಳನ್ನಲ್ಲ, ತೊಳೆದ ಸಣ್ಣ ಬೇಬಿ ಜಲ್ಲಿಯನ್ನು. ಕರ್ನಾಟಕದ ಊರುಗಳಲ್ಲಿ ‘ಇಂಟರ್‌ಲಾಕ್’ ಎಂದು ಕರೆಯುವ ಬಿಲ್ಲೆಗಳನ್ನು ಕಂಡು ಅವೆಲ್ಲ ನೀರಿಂಗಿಸುತ್ತವೆ ಎಂದು ನಂಬುವವರು ಬಹಳ. ಕಾಂಕ್ರೀಟ್ ಬೆಡ್ಡಿನ ಮೇಲೆ ಕಲ್ಲುಪುಡಿ ಹರಡಿ, ಬಿಲ್ಲೆಗಳನ್ನು ಒತ್ತೊತ್ತಾಗಿ ಕೂರಿಸಿ, ಸಂದಿಗೆ ಸಣ್ಣಮರಳು ಗುಡಿಸಿದ ಅಂಗಳವು ಸಿಮೆಂಟಿನ ಅಂಗಳದಂತೆಯೇ ನೀರನ್ನು ಹೊರಕ್ಕೆ ಹರಿಸುತ್ತದೆ. ಬಿಲ್ಲೆ ಅದೇ ಆಗಿರಬಹುದು, ಅಡಿಪದರ ಬೇರೆ. ನಾಲ್ಕನೆಯದು ಹುಲ್ಲಿನ ಜಾಲರಿ: ಕಾಂಕ್ರೀಟ್ ಅಥವಾ ಪ್ಲಾಸ್ಟಿಕ್ಕಿನ ಕಣ್ಣುಗಳ ಚೌಕಟ್ಟಿನಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆಸುವುದು. ದಿನವಿಡೀ ಕಾರು ನಿಲ್ಲುವ ಕಡೆ ಹುಲ್ಲು ಬಿಸಿಲು ಕಾಣದೆ ಸಾಯುತ್ತದೆ. ವಾರಕ್ಕೊಮ್ಮೆ ಬಳಕೆಯಾಗುವ ಕಲ್ಯಾಣಮಂಟಪದ ನಿಲುಗಡೆಗೆ, ಅಗ್ನಿಶಾಮಕ ವಾಹನದ ದಾರಿಗೆ ಇದು ತಕ್ಕುದು.

ಮರಳಿಲ್ಲದ ಕಾಂಕ್ರೀಟಿನ ಬಳಕೆ ಇಂಗ್ಲೆಂಡಿನಲ್ಲಿ 19ನೇ ಶತಮಾನದ ನಡುವಿನಲ್ಲೇ ಇತ್ತು. ಎರಡನೆಯ ಮಹಾಯುದ್ಧದ ನಂತರ ಸಿಮೆಂಟು ಉಳಿಸಲು ಅಲ್ಲಿ ಮನೆಗೋಡೆಗಳನ್ನು ಇದರಿಂದ ದೊಡ್ಡ ಪ್ರಮಾಣದಲ್ಲಿ ಕಟ್ಟಿದರು. ಭಾರತದಲ್ಲೂ ಇಂಥ ಕಾಂಕ್ರೀಟಿಗೆ 1989ರಲ್ಲಿ ಐಎಸ್ 12727 ಎಂಬ ಸಂಹಿತೆ ಬಂದಿತು. ಅದೇ ರಂಧ್ರಗಳು ಮಳೆನೀರಿಗೂ ಒದಗುತ್ತವೆ ಎಂಬ ಯೋಚನೆ ಬಲಗೊಂಡದ್ದು 1970ರ ದಶಕದಲ್ಲಿ. ಅಮೆರಿಕದ ಫಿಲಡೆಲ್ಫಿಯಾದ ಫ್ರ್ಯಾಂಕ್ಲಿನ್ ಇನ್‌ಸ್ಟಿಟ್ಯೂಟ್ ಆ ದಶಕದ ಆರಂಭದಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಏಜೆನ್ಸಿಯ ನೆರವಿನಿಂದ ರಂಧ್ರ ಡಾಂಬರಿನ ರಸ್ತೆಯನ್ನು ರೂಪಿಸಿತು. 1977ರಲ್ಲಿ ಮ್ಯಾಸಚೂಸೆಟ್ಸ್‌ನ ವಾಲ್ಡನ್ ಕೊಳದ ಬಳಿ, ಲೇಖಕ ಹೆನ್ರಿ ಡೇವಿಡ್ ಥೋರೋ ಗುಡಿಸಲು ಕಟ್ಟಿ ಬಾಳಿದ ಆ ಕೊಳದ ಬಳಿಯೇ, ಇಂಥ ಡಾಂಬರಿನ ವಾಹನ ನಿಲುಗಡೆಯನ್ನು ನಿರ್ಮಿಸಲಾಯಿತು. ಅದು ದಶಕಗಳ ಕಾಲ ಬಾಳಿ, ಹಿಮ ಬೀಳುವ ನಾಡಿನಲ್ಲೂ ಈ ವಿಧಾನ ನಿಲ್ಲುತ್ತದೆ ಎಂಬುದಕ್ಕೆ ಉದಾಹರಣೆಯಾಯಿತು.

ಯೋಜನೆ ಶುರುವಾಗಬೇಕಾದದ್ದು ಮಣ್ಣಿನಿಂದ. ಜಲ್ಲಿಯ ತಳ ಎಲ್ಲಿ ಬರುತ್ತದೋ ಅಷ್ಟು ಆಳಕ್ಕೆ ಗುಂಡಿ ತೋಡಿ, ಮೊದಲು ಮಣ್ಣು ನೆನೆಯುವಷ್ಟು ನೀರು ಕುಡಿಸಿ, ಆಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಮಿಲಿಮೀಟರ್ ಇಳಿಯಿತೆಂದು ಅಳೆಯಬೇಕು. ಒಂದೇ ನಿವೇಶನದಲ್ಲೂ ಮಣ್ಣು ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಒಂದು ಗುಂಡಿ ಸಾಲದು. ಅನಂತರ ಮಳೆಯ ಲೆಕ್ಕ. 500 ಚದರ ಮೀಟರಿನ ವಾಹನ ನಿಲುಗಡೆಗೆ ಪಕ್ಕದ ಕಟ್ಟಡದ 500 ಚದರ ಮೀಟರ್ ಛಾವಣಿಯ ನೀರನ್ನೂ ತಿರುಗಿಸಿದೆ ಎಂದಿಟ್ಟುಕೊಂಡರೆ, 60 ಮಿ.ಮೀ. ಮಳೆಗೆ ಬರುವ ನೀರು 60,000 ಲೀಟರ್. ಜಲ್ಲಿಯಲ್ಲಿ ಶೇ 40ರಷ್ಟು ಖಾಲಿಯಿದ್ದರೆ ಇದನ್ನು ಹಿಡಿಯಲು 300 ಮಿ.ಮೀ. ದಪ್ಪದ ಪದರ ಬೇಕು. ಕೆಳಗಿನ ಮಣ್ಣು ಗಂಟೆಗೆ 5 ಮಿ.ಮೀ. ಕುಡಿದರೆ ಆ ಪದರ 24 ಗಂಟೆಗಳಲ್ಲಿ ಬರಿದಾಗುತ್ತದೆ. ಗಂಟೆಗೆ 1 ಮಿ.ಮೀ. ಮಾತ್ರ ಕುಡಿಯುವ ಜೇಡಿಯಾದರೆ ಐದು ದಿನ ಬೇಕು. 48ರಿಂದ 72 ಗಂಟೆಗಳೊಳಗೆ ಪದರ ಬರಿದಾಗಬೇಕೆಂಬುದು ಹಲವೆಡೆ ಒಪ್ಪಿತವಾದ ನಿಯಮ, ಮುಂದಿನ ಮಳೆಗೆ ಜಾಗ ಬೇಕಲ್ಲ. ಅಷ್ಟರೊಳಗೆ ಬರಿದಾಗದ ಕಡೆ ತಳದಲ್ಲಿ ಕೊಳವೆ ಕೂರಿಸಲೇಬೇಕು. ಆ ಕೊಳವೆಯನ್ನು ತಳಕ್ಕಿಂತ ತುಸು ಮೇಲಿಟ್ಟರೆ ಅದರ ಕೆಳಗಿನ ನೀರಾದರೂ ಮಣ್ಣಿಗೆ ಹೋಗುತ್ತದೆ. ಜಿಪುಣ ಮಣ್ಣಿನಿಂದಲೂ ಸ್ವಲ್ಪ ಇಂಗಿಸಿಕೊಳ್ಳುವ ಈ ಉಪಾಯ ಸುಲಭ, ಖರ್ಚಿಲ್ಲದ್ದು. ನೀರು ಒಂದಿಷ್ಟೂ ಮಣ್ಣಿಗೆ ಇಳಿಯಬಾರದೆಂಬ ಜಾಗದಲ್ಲಿ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ತಂಗಿದ ನೀರನ್ನೆಲ್ಲ ಕೊಳವೆಯಿಂದಲೇ ತೆಗೆಯುತ್ತಾರೆ. ಆಗಲೂ ಪ್ರವಾಹದ ಏರು ತಗ್ಗುತ್ತದೆ, ಏಕೆಂದರೆ ಅರ್ಧ ಗಂಟೆಯ ನೀರು ಒಂದು ದಿನದಲ್ಲಿ ಹಂಚಿ ಹರಿಯುತ್ತದೆ.

ಇಳಿಜಾರು ಶೇ 5ನ್ನು ಮೀರಬಾರದು. ನೆಲ ಓರೆಯಾಗಿದ್ದರೆ ಜಲ್ಲಿಯೊಳಗಿನ ನೀರೆಲ್ಲ ಕೆಳತುದಿಗೆ ಸರಿದು ಅಲ್ಲಿ ಉಕ್ಕುತ್ತದೆ, ಮೇಲ್ತುದಿಯ ಜಲ್ಲಿ ಬರಿದೇ ಇರುತ್ತದೆ. ಶೇ 3ರ ಇಳಿಜಾರಿನಲ್ಲಿ 30 ಮೀಟರ್ ಉದ್ದದ ಹಾಸಿನ ಎರಡು ತುದಿಗಳ ನಡುವೆ 900 ಮಿ.ಮೀ. ಅಂತರವಿರುತ್ತದೆ, ಪದರದ ದಪ್ಪವೇ ಅಷ್ಟಿರುವುದಿಲ್ಲ. ಓರೆಹೊಲಕ್ಕೆ ಬದು ಹಾಕುವಂತೆ ತಳವನ್ನು ಮೆಟ್ಟಿಲುಮೆಟ್ಟಿಲಾಗಿ ಅಗೆದು, ನಡುನಡುವೆ ಅಡ್ಡಗೋಡೆ ಕಟ್ಟುವುದೇ ಇದಕ್ಕೆ ಪರಿಹಾರ. ಜಲ್ಲಿಯ ತಳಕ್ಕೂ ಮಳೆಗಾಲದ ಅಂತರ್ಜಲ ಮಟ್ಟಕ್ಕೂ ಕನಿಷ್ಠ 600 ಮಿ.ಮೀ. ಅಂತರ ಬೇಕು. ಕಟ್ಟಡದ ಪಾಯ, ಕುಡಿಯುವ ನೀರಿನ ಬಾವಿ, ಹೊಸದಾಗಿ ಮಣ್ಣು ತುಂಬಿದ ಜಾಗಗಳಿಂದಲೂ ದೂರವಿರಬೇಕು. ಪೆಟ್ರೋಲ್ ಬಂಕು, ಗ್ಯಾರೇಜು, ರಾಸಾಯನಿಕ ಗೋದಾಮುಗಳ ಅಂಗಳಕ್ಕೆ ಇದನ್ನು ಹಾಸುವುದು ಅಂತರ್ಜಲಕ್ಕೆ ವಿಷ ಸುರಿದಂತೆ. ಭಾರತದ ನಗರಗಳಲ್ಲಿ ಇನ್ನೊಂದು ಎಚ್ಚರವೂ ಬೇಕು: ಒಳಚರಂಡಿ ಪದೇಪದೇ ಉಕ್ಕಿ ಬೀದಿಗೆ ಹರಿಯುವ ಕಡೆ, ಆ ಚರಂಡಿಯನ್ನು ಸರಿಪಡಿಸುವ ಮೊದಲು ನೀರಿಂಗುವ ಹಾಸು ಹಾಕಿದರೆ ಕೊಳಚೆಗೇ ನೆಲದೊಳಕ್ಕೆ ದಾರಿ ಕೊಟ್ಟಂತಾಗುತ್ತದೆ.

ಹಾಸುವ ಕೆಲಸದಲ್ಲಿ ಕೆಡುವುದು ಬಹುಮಟ್ಟಿಗೆ ಅಭ್ಯಾಸಬಲದಿಂದ. ರಸ್ತೆ ಕಟ್ಟುವವರು ತಳದ ಮಣ್ಣನ್ನು ರೋಲರಿನಿಂದ ಬಿಗಿಯಾಗಿ ಒತ್ತಲು ಕಲಿತವರು. ಇಲ್ಲಿ ಹಾಗೆ ಒತ್ತಿದರೆ ಮಣ್ಣು ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಹೀಗಾಗಿ ಮಣ್ಣನ್ನು ಒತ್ತದೆ, ಅದರಿಂದ ಕುಂದಿದ ಬಲವನ್ನು ಜಲ್ಲಿಯ ದಪ್ಪದಿಂದ ತುಂಬಿಕೊಳ್ಳಬೇಕು. ಗಾರೆಯವರು ಕಾಂಕ್ರೀಟಿನ ಮೈಯನ್ನು ಕರಣೆಯಿಂದ ನುಣುಪಾಗಿಸಲು ಕಲಿತವರು; ರಂಧ್ರ ಕಾಂಕ್ರೀಟಿನ ಮೇಲೆ ಕರಣೆಯಾಡಿಸಿದರೆ ಬಾಯಿ ಮುಚ್ಚಿದಂತೆ. ನೀರಿನ ಪ್ರಮಾಣವೂ ಸೂಕ್ಷ್ಮ. ಸಿಮೆಂಟಿನ ತೂಕದ 0.27ರಿಂದ 0.34 ಪಾಲು ನೀರು ಹಿಡಿಯುವ ಈ ಮಿಶ್ರಣವನ್ನು ಅಂಗೈಯಲ್ಲಿ ಹಿಡಿದು ಉಂಡೆ ಮಾಡಿದರೆ ಅದು ಉದುರಲೂ ಬಾರದು, ಲೇಪ ಬಿಟ್ಟುಕೊಂಡು ಜಾರಲೂ ಬಾರದು. ನೀರು ಕಡಿಮೆಯಾದರೆ ಆಮೇಲೆ ಹರಳು ಕಿತ್ತುಬರುತ್ತದೆ. ಹೆಚ್ಚಾದರೆ ಲೇಪ ಕೆಳಗಿಳಿದು ತಳದಲ್ಲಿ ಗಟ್ಟಿ ತಟ್ಟೆಯಂತಾಗಿ ನೀರನ್ನು ತಡೆಯುತ್ತದೆ. ರಂಧ್ರಗಳಿಂದ ಗಾಳಿಯಾಡಿ ಬೇಗ ಒಣಗುವುದರಿಂದ ಹಾಸಿದ 20 ನಿಮಿಷಗಳೊಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಏಳು ದಿನ ಬಿಡಬೇಕು. ಜಲ್ಲಿ ತೊಳೆದದ್ದಾಗಿರಬೇಕು, ಕ್ರಷರಿನಿಂದ ನೇರ ಬಂದ ಜಲ್ಲಿಗೆ ಅಂಟಿದ ಧೂಳೇ ತಳದಲ್ಲಿ ಮೊದಲ ಹೂಳಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಸುತ್ತಲಿನ ಕಟ್ಟಡ ಕೆಲಸ ಮುಗಿದು ಬರಿಮಣ್ಣಿಗೆ ಗಿಡ-ಹುಲ್ಲು ಹಿಡಿದ ಮೇಲೆ, ಕಟ್ಟಕಡೆಗೆ ಇದನ್ನು ಹಾಸಬೇಕು. ಮಣ್ಣು ಮೆತ್ತಿದ ಲಾರಿಯ ಚಕ್ರಗಳು ಒಂದು ಮಳೆಗಾಲ ಓಡಾಡಿದರೆ ಹೊಸ ಹಾಸು ಉದ್ಘಾಟನೆಗೆ ಮೊದಲೇ ಮುಚ್ಚಿಹೋಗುತ್ತದೆ.

ಬಳಕೆಯಲ್ಲಿ ಹೂಳು ತುಂಬುವುದು ಹೆಚ್ಚಾಗಿ ಮೇಲಿನ 10ರಿಂದ 25 ಮಿ.ಮೀ. ಭಾಗದಲ್ಲಿ. ಧೂಳು, ಟಯರಿನ ಪುಡಿ, ಒಣಎಲೆಯ ಚೂರು, ಪಕ್ಕದ ಪಾತಿಯಿಂದ ಕೊಚ್ಚಿಬಂದ ಮಣ್ಣು ಅಲ್ಲೇ ಸಿಕ್ಕಿಕೊಂಡು ಪೊರೆಯಾಗುತ್ತವೆ. ಇದು ಒಂದು ಬಗೆಯಲ್ಲಿ ಅದೃಷ್ಟವೇ ಸರಿ: ಕೆಸರು ಆಳಕ್ಕಿಳಿಯದೆ ಮೇಲೇ ನಿಲ್ಲುವುದರಿಂದ ತೆಗೆಯಲು ಕೈಗೆಟುಕುತ್ತದೆ. ತೆಗೆಯದೆ ಬಿಟ್ಟರೆ ಚಕ್ರಗಳ ಒತ್ತಡಕ್ಕೆ ಅದು ಗಟ್ಟಿಯಾಗುತ್ತದೆ. ಮೊದಲ ಕೆಲವು ವರ್ಷ ತೊಂದರೆ ಕಾಣುವುದೇ ಇಲ್ಲ. ಹೊಸ ಹಾಸಿನ ಸಾಮರ್ಥ್ಯ ಮಳೆಗಿಂತ ನೂರು ಪಟ್ಟು ಹೆಚ್ಚಿರುವಾಗ, ಅದರಲ್ಲಿ ಹತ್ತರಲ್ಲೊಂದು ಪಾಲು ಉಳಿದರೂ ನೀರು ಸಲೀಸಾಗಿ ಇಳಿಯುತ್ತದೆ. ಎಲ್ಲ ಸರಿಯಿದೆ ಎಂಬ ಭಾವನೆಯಲ್ಲಿ ಶುಚಿ ಮಾಡುವುದು ನಿಂತುಹೋಗುತ್ತದೆ. ನೀರು ನಿಂತದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಪೊರೆ ಕಲ್ಲಾಗಿರುತ್ತದೆ. ನೀರಿಂಗುವ ಹಾಸುಗಳು ವಿಫಲವೆಂಬ ಅಪಖ್ಯಾತಿಗೆ ಮುಖ್ಯ ಕಾರಣ ಈ ಅಲಕ್ಷ್ಯವೇ.

ಶುಚಿಗೆ ಬೇಕಾದದ್ದು ಎಳೆದುಕೊಳ್ಳುವ ಯಂತ್ರ, ಗುಡಿಸುವ ಪೊರಕೆಯಲ್ಲ. ಪೊರಕೆ ಮತ್ತು ಸುತ್ತುವ ಬ್ರಷ್ಷು ದಪ್ಪ ಕಸವನ್ನು ತೆಗೆದು ನಯವಾದ ಧೂಳನ್ನು ರಂಧ್ರದೊಳಕ್ಕೇ ತುರುಕುತ್ತವೆ. ನಿರ್ವಾತದಿಂದ ಹೀರುವ ಯಂತ್ರವನ್ನು ವರ್ಷಕ್ಕೆ ಎರಡು ಸಲವಾದರೂ ಆಡಿಸಬೇಕು. ಪೊರೆ ಗಟ್ಟಿಯಾಗಿದ್ದರೆ ಒತ್ತಡದ ನೀರಿನಿಂದ ಸಡಿಲಿಸಿ, ಕೂಡಲೇ ಹೀರಿ ತೆಗೆಯಬೇಕು. ಬರೀ ನೀರು ಹೊಡೆದು ಬಿಟ್ಟರೆ ಕೆಸರು ಆಳಕ್ಕೆ ಹೋಗುತ್ತದೆ. ಬಿಲ್ಲೆಹಾಸಿನಲ್ಲಿ ಹೀರಿದಾಗ ಸಂದಿನ ಬೇಬಿ ಜಲ್ಲಿಯೂ ಮೇಲೆದ್ದು ಬರುತ್ತದೆ. ಅದು ನಷ್ಟವಲ್ಲ, ಹೂಳೆತ್ತುವ ರೀತಿಯೇ ಅದು. ಹೊಸ ಜಲ್ಲಿಯನ್ನು ಮತ್ತೆ ತುಂಬಿದರಾಯಿತು. ಚಿಕ್ಕ ಅಂಗಳವಾದರೆ ಕೈಯಲ್ಲಿ ಹಿಡಿಯುವ ಕಾರ್ಖಾನೆ ಬಗೆಯ ಹೀರುಯಂತ್ರ ಸಾಕು. ದಕ್ಷಿಣ ಕರ್ನಾಟಕದ ಹವೆಗೆ ಮೊದಲ ಸುತ್ತು ಎಲೆ ಉದುರಿ ಮುಗಿಯುವ ಯುಗಾದಿಯ ಆಸುಪಾಸಿಗೆ, ಬೇಸಿಗೆಯ ಗುಡುಗುಮಳೆಗೆ ಮುಂಚೆ ಆಗಬೇಕು. ಎರಡನೆಯದು ಸೆಪ್ಟೆಂಬರಿನ ದೊಡ್ಡ ಮಳೆಗಳಿಗೆ ಮೊದಲು. ಹಾಸಿನ ಮೇಲೆ ಮರಳು, ಎಂ-ಸ್ಯಾಂಡ್, ಮಣ್ಣಿನ ರಾಶಿ ಹಾಕುವುದು, ಗಾರೆ ಕಲಸುವುದು ಕಟ್ಟುನಿಟ್ಟಾಗಿ ನಿಷಿದ್ಧ. ಬೀದಿಯಲ್ಲೇ ಸಿಮೆಂಟು ಕಲಸುವ ರೂಢಿ ಇರುವ ಬಡಾವಣೆಯಲ್ಲಿ ಒಂದು ಮನೆಯ ಒಂದು ದಿನದ ಕೆಲಸ ಹತ್ತಾರು ಚದರ ಮೀಟರ್ ಹಾಸನ್ನು ಶಾಶ್ವತವಾಗಿ ಕೊಲ್ಲಬಲ್ಲದು. ಕೇಬಲ್ಲಿಗೋ ನಲ್ಲಿ ಪೈಪಿಗೋ ಅಗೆದ ಜಾಗವನ್ನು ಮಾಮೂಲಿ ಕಾಂಕ್ರೀಟಿನಿಂದ ಮುಚ್ಚುವುದೂ ಇಂಥದೇ ತಪ್ಪು. ಈ ದೃಷ್ಟಿಯಿಂದ ಪದೇಪದೇ ಅಗೆತ ಕಾಣುವ ಬೀದಿಗೆ ಬಿಲ್ಲೆಹಾಸೇ ಮೇಲು, ಎತ್ತಿ ಮತ್ತೆ ಕೂರಿಸಬಹುದು.

ಹಾಸು ಎಷ್ಟು ಆರೋಗ್ಯವಾಗಿದೆ ಎಂದು ತಿಳಿಯಲು ಸರಳವಾದ ಉಂಗುರ ಪರೀಕ್ಷೆಯಿದೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಸಿ 1701 ಮತ್ತು ಸಿ 1781 ಮಾನಕಗಳು ಇದನ್ನು ವಿವರಿಸುತ್ತವೆ. 300 ಮಿ.ಮೀ. ವ್ಯಾಸದ ಉಂಗುರವನ್ನು ನೆಲಕ್ಕಿಟ್ಟು, ಅಂಚಿಗೆ ಪುಟ್ಟಿ ಮೆತ್ತಿ, ಮೊದಲು 3.6 ಲೀಟರ್ ನೀರಿನಿಂದ ನೆನೆಸಿ, ಬಳಿಕ 18 ಲೀಟರ್ ನೀರನ್ನು ಬೆರಳಗಲ ಎತ್ತರ ನಿಲ್ಲುವಂತೆ ಸುರಿಯುತ್ತ ಅದು ಇಳಿಯಲು ಹಿಡಿದ ಕಾಲವನ್ನು ಅಳೆಯುವುದು. ಆ ಉಂಗುರದೊಳಗೆ 18 ಲೀಟರ್ ಎಂದರೆ ಸುಮಾರು 255 ಮಿ.ಮೀ. ಎತ್ತರದ ನೀರು. ಅರ್ಧ ನಿಮಿಷದಲ್ಲಿ ಇಳಿದರೆ ಹಾಸು ಹೊಸದರಂತಿದೆ. ಐದು ನಿಮಿಷವಾದರೂ ಚಿಂತೆಯಿಲ್ಲ, ಗಂಟೆಗೆ 3,000 ಮಿ.ಮೀ. ಮೀರುತ್ತದೆ. ಒಂದು ಗಂಟೆ ಹಿಡಿದರೆ ಗಂಟೆಗೆ 250 ಮಿ.ಮೀ. ಹತ್ತಿರ ಬಂದಂತಾಯಿತು, ಶುಚಿಗೆ ಅದೇ ಕೊನೆಯ ಕರೆ. ಜಲ್ಲಿಪದರದ ಸ್ಥಿತಿಯನ್ನು ನೋಡಲು ಒಂದು ಮೂಲೆಯಲ್ಲಿ ಮುಚ್ಚಳವಿರುವ ನಿಂತ ಕೊಳವೆಯನ್ನು ತಳದವರೆಗೆ ಇಳಿಸಿಟ್ಟಿರಬೇಕು. ಮಳೆ ನಿಂತ ಮೂರನೆಯ ದಿನವೂ ಅದರಲ್ಲಿ ನೀರು ಕಂಡರೆ ತೊಂದರೆ ಇರುವುದು ಮೇಲ್ಮೈಯಲ್ಲಲ್ಲ, ತಳದ ಮಣ್ಣಿನಲ್ಲಿ ಅಥವಾ ಕೊಳವೆಯಲ್ಲಿ.

ಇಳಿಯುವ ದಾರಿಯಲ್ಲಿ ನೀರು ಒಂದಿಷ್ಟು ಶುದ್ಧವಾಗುತ್ತದೆ. ತೇಲುಕಣಗಳು, ಅವಕ್ಕೆ ಅಂಟಿದ ಸತು, ಸೀಸ, ತಾಮ್ರ ಜಲ್ಲಿಯಲ್ಲೇ ಉಳಿಯುತ್ತವೆ. ಕಾರುಗಳಿಂದ ಹನಿಯುವ ಎಣ್ಣೆಯನ್ನು ಜಲ್ಲಿಯಲ್ಲೂ ಅದರೊಡನೆ ಹಾಸುವ, ನೀರು ಬಿಡುವ ಬಟ್ಟೆಪದರದಲ್ಲೂ ನೆಲೆಸಿದ ಸೂಕ್ಷ್ಮಜೀವಿಗಳು ಒಡೆಯುತ್ತವೆ ಎಂಬುದನ್ನು ಇಂಗ್ಲೆಂಡಿನ ಕವೆಂಟ್ರಿ ವಿಶ್ವವಿದ್ಯಾಲಯದ ಸಂಶೋಧನೆಗಳು ತೋರಿಸಿವೆ. ನೈಟ್ರೇಟಿನಂಥ ಕರಗಿದ ಲವಣಗಳನ್ನು ಮಾತ್ರ ಇದು ತಡೆಯಲಾರದು.

ಇಂಗ್ಲೆಂಡಿನಲ್ಲಿ 2008ರ ಅಕ್ಟೋಬರ್ 1ರಿಂದ ಮನೆಯ ಮುಂದಿನ ಕೈತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರಿಳಿಯದ ಹಾಸು ಹಾಕಲು, ಆ ನೀರನ್ನು ಸ್ವಂತ ನೆಲದಲ್ಲೇ ಇಂಗಿಸುವ ಏರ್ಪಾಡಿಲ್ಲದಿದ್ದರೆ, ಅನುಮತಿ ಬೇಕು. ನೀರಿಂಗುವ ಹಾಸಿಗೆ ಬೇಡ. ಜರ್ಮನಿಯ ಹಲವು ಊರುಗಳಲ್ಲಿ ಚರಂಡಿ ಶುಲ್ಕದ ಒಂದು ಭಾಗವನ್ನು ನಿವೇಶನದ ಎಷ್ಟು ಜಾಗ ಮುಚ್ಚಿಹೋಗಿದೆ ಎಂಬುದರ ಮೇಲೆ ವಿಧಿಸುತ್ತಾರೆ. ಶಿಕಾಗೊ ನಗರ 2006ರಲ್ಲಿ ತನ್ನ ಹಿತ್ತಿಲ ಓಣಿಗಳನ್ನು ಇಂಥ ಹಾಸಿಗೆ ಬದಲಿಸುವ ಕಾರ್ಯಕ್ರಮ ತಂದಿತು. ಚೀನಾ 2015ರಲ್ಲಿ 16, ಮರುವರ್ಷ ಇನ್ನೂ 14 ನಗರಗಳನ್ನು ಮಳೆನೀರನ್ನು ಹೀರಿಕೊಳ್ಳುವ ಪ್ರಾಯೋಗಿಕ ‘ಸ್ಪಂಜು ನಗರ’ಗಳಾಗಿ ಆರಿಸಿತು. ಅಲ್ಲಿಂದಲೇ ಈ ವಿಧಾನದ ಮಿತಿಯೂ ಎದ್ದು ಕಂಡಿತು. ಸ್ಪಂಜು ನಗರದ ಕಾಮಗಾರಿಗಳಿಗೆ ದೊಡ್ಡ ಹಣ ಹೂಡಿದ್ದ ಝೆಂಗ್‌ಝೌನಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಸುರಿದು ನಗರ ಮುಳುಗಿತು. ವರ್ಷದಲ್ಲಿ ಹತ್ತಾರು ಸಲ ಬರುವ ಮಳೆಯನ್ನು ನೆಲಹಾಸು ಪೂರ್ತಿ ನುಂಗಬಲ್ಲದು. ಶತಮಾನಕ್ಕೊಮ್ಮೆ ಬರುವುದಕ್ಕೆ ಕಾಲುವೆ, ಕೆರೆ, ತಗ್ಗುಬಯಲುಗಳೇ ಬೇಕು.

ಬೆಂಗಳೂರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ದಿಣ್ಣೆಯ ಮೇಲೆ ಕುಳಿತ ಈ ನಗರದ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ರಾಜಕಾಲುವೆಗಳಿಗೆ ಇಳಿಯುತ್ತದೆ. 1970ರ ದಶಕದ ಆರಂಭದಲ್ಲಿ ನಗರದ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಜಾಗದಲ್ಲಿ ಕಟ್ಟಡ-ರಸ್ತೆಗಳಿದ್ದವು, ಈಗ ಮುಕ್ಕಾಲು ಪಾಲಿಗೂ ಹೆಚ್ಚಿವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಉಪಗ್ರಹಚಿತ್ರ ಆಧಾರಿತ ಅಧ್ಯಯನಗಳು ಹೇಳುತ್ತವೆ. 2022ರ ಸೆಪ್ಟೆಂಬರ್ 4-5ರ ರಾತ್ರಿ ಸುಮಾರು 130 ಮಿ.ಮೀ. ಮಳೆಗೆ ಮುಳುಗಿದ್ದು ಮುಖ್ಯವಾಗಿ ಕಣಿವೆಯ ಕೆಳತುದಿಯ, ಕೆರೆಯಂಚಿನ ಬಡಾವಣೆಗಳು. ಅಂಥ ತಗ್ಗಿನಲ್ಲಿ ಅಂತರ್ಜಲ ಮೇಲೇ ಇರುವುದರಿಂದ ನೀರಿಂಗುವ ಹಾಸು ಅಲ್ಲಿ ಮಾಡುವುದೇನೂ ಇಲ್ಲ. ಅದು ಬೇಕಾದದ್ದು ಮೇಲಿನ ದಿಣ್ಣೆಯ ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಕಚೇರಿಗಳ ಅಂಗಳಕ್ಕೆ. ಅಲ್ಲಿನ ಕೆಂಪುಮಣ್ಣು ಬಹುತೇಕ ಕಡೆ ನೀರು ಕುಡಿಯುತ್ತದೆ, ಇಂಗುಬಾವಿಯೊಡನೆ ಜೋಡಿಸಿದರೆ ಇನ್ನೂ ಒಳ್ಳೆಯದು. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದಾಗಲೂ ಮನೆಯವರ ಗಮನ ಹೆಚ್ಚಾಗಿ ಹೋದದ್ದು ಛಾವಣಿಯ ಕಡೆಗೆ. ಅಂಗಳದ ನೀರು ಬೀದಿಗೇ ಹೋಗುತ್ತಿದೆ. ಧಾರವಾಡದ ಪೂರ್ವಕ್ಕೆ, ಗದಗ, ವಿಜಯಪುರ, ಕಲಬುರಗಿಗಳ ಎರೆಮಣ್ಣು ನೆನೆದರೆ ಉಬ್ಬಿ ಒಣಗಿದರೆ ಬಿರಿಯುವುದರಿಂದ, ಅಲ್ಲಿ ತಳಕ್ಕೆ ಹಾಳೆ ಹಾಸಿ ಕೊಳವೆಯಿಂದ ನೀರು ತೆಗೆದು ತೊಟ್ಟಿಗೆ ತುಂಬಿಸಿಕೊಳ್ಳುವ ಬಗೆಯೊಂದೇ ಸರಿ. ಕರಾವಳಿಯ ಮುರಕಲ್ಲು ನೀರನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ಆಷಾಢದ ಜಡಿಮಳೆಯಲ್ಲಿ ತಗ್ಗಿನ ನೆಲವೆಲ್ಲ ತುಂಬಿರುತ್ತದೆ. ಗುಡ್ಡದ ತಲೆಯ ಅಂಗಳಗಳಿಗಷ್ಟೇ ಅಲ್ಲಿ ಇದು ಹೊಂದುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 44 ಸಂಹಿತೆಯ 2017ರ ಆವೃತ್ತಿ ರಂಧ್ರ ಕಾಂಕ್ರೀಟಿನ ಮಿಶ್ರಣವನ್ನೂ ಒಳಗೊಂಡಿದೆ. ತೊಳೆದ ಜಲ್ಲಿ, ಬಿಲ್ಲೆ, ತೂತುಕೊಳವೆಗಳು ಜಿಲ್ಲಾಕೇಂದ್ರಗಳಲ್ಲೂ ಸಿಗುವ ಸರಕುಗಳು. ಹೀಗಿರುವಾಗ ಗುತ್ತಿಗೆಪತ್ರದಲ್ಲಿ ಇರಲೇಬೇಕಾದ ಸಾಲುಗಳು ಎರಡು: ಕೆಲಸ ಒಪ್ಪಿಸುವ ದಿನ ಹಾಗೂ ಆಮೇಲೆ ಪ್ರತಿ ವರ್ಷ ಉಂಗುರ ಪರೀಕ್ಷೆ ನಡೆಯಬೇಕು, ಮತ್ತು ಹೀರುಯಂತ್ರದ ಶುಚಿಗೆ ಹಣವನ್ನು ಮೊದಲೇ ಎತ್ತಿಡಬೇಕು. ಇವೆರಡೂ ಇಲ್ಲದ ಕಡೆ ನೀರಿಂಗುವ ನೆಲಹಾಸು ಹಾಕದಿರುವುದೇ ಲೇಸು. ಆ ಹಣದಲ್ಲಿ ಇಂಗುಬಾವಿ ತೋಡಿಸಬಹುದು.